ಕಡಿಮೆ ಬೆಲೆಯ ಬೇಸ್ ಗಿಟಾರ್: ಬಣ್ಣ ಬಿಡಿ, ನೆಕ್ ನೋಡಿ, ತುಕ್ಕು ನೋಡಿ

ಮೊನ್ನೆ ಬಿಜೈಯಿಂದ ಒಬ್ಬ ಹುಡುಗ ಮನೆಗೆ ಬಂದಿದ್ದ. ಅವರ ಚರ್ಚಿನಲ್ಲಿ ಬೇಸ್ ನುಡಿಸುತ್ತಿದ್ದವರು ದುಬೈಗೆ ಹೋದರಂತೆ, ಇನ್ನು ಮುಂದೆ ನೀನೇ ನುಡಿಸು ಎಂದು ಇವನಿಗೆ ಹೇಳಿದ್ದಾರಂತೆ. ಕೈಯಲ್ಲಿ 20,000 ರೂಪಾಯಿ ಉಂಟು. ಮೊಬೈಲಿನಲ್ಲಿ ಹನ್ನೊಂದು ಬೇಸ್‌ಗಳ ಫೋಟೊ ಉಂಟು. "ಅಂಕಲ್, ಇದರಲ್ಲಿ ಯಾವುದು ತೆಗೆದುಕೊಳ್ಳಲಿ?" ಎಂದು ಕೇಳಿದ. ಫೋಟೊದಲ್ಲಿ ಎಲ್ಲವೂ ಚಂದವೇ. ಯಾವ ಬೇಸ್‌ನ ಕೀ (ಶ್ರುತಿ ಮಾಡಲು ತಿರುಗಿಸುವುದು) ಜಾರುತ್ತದೆ, ಯಾವುದರ ಸ್ಕ್ರೂ ಎರಡು ಮಳೆಗಾಲಕ್ಕೆ ಕೆಂಪಾಗುತ್ತದೆ ಅಂತ ಫೋಟೊ ಹೇಳುವುದಿಲ್ಲ. ಅವನಿಗೆ ಎರಡು ಗಂಟೆ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಂಗಳೂರು, ಉಡುಪಿ ಕಡೆಯಲ್ಲಿ ಮೊದಲ ಬೇಸ್ ಕೊಳ್ಳುವವರು ತುಂಬಾ ಜನ ಇದೇ ಪ್ರಶ್ನೆ ಕೇಳುತ್ತಾರೆ.

ನನ್ನ ಲೆಕ್ಕ ಸರಳ. ಆಮೇಲೆ ಬದಲಾಯಿಸಲು ಆಗದ ಭಾಗ ಚೆನ್ನಾಗಿರಬೇಕು. ಬದಲಾಯಿಸಬಹುದಾದ ಭಾಗ ಸುಮಾರಾಗಿದ್ದರೂ ನಡೆಯುತ್ತದೆ. ಜಾಕ್ (ಕೇಬಲ್ ಚುಚ್ಚುವ ತೂತು), ಪಾಟ್ (ನಾಬ್ ಕೆಳಗಿನ ಭಾಗ), ಪಿಕಪ್ (ತಂತಿಯ ಕಂಪನ ಹಿಡಿದು ಆಂಪ್‌ಗೆ ಕಳಿಸುವುದು), ಕೀ, ನಟ್ (ತಲೆಯ ಕಡೆ ತಂತಿ ಕೂರುವ ಸಣ್ಣ ಪಟ್ಟಿ) ಇವೆಲ್ಲ ಮುಂದೆ ಒಂದೊಂದಾಗಿ ಹಾಕಿಸಿಕೊಳ್ಳಬಹುದು. ನೆಕ್ (ಬೆರಳಿಟ್ಟು ನುಡಿಸುವ ಉದ್ದದ ಭಾಗ) ತಿರುಚಿಕೊಂಡಿದ್ದರೆ, ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡ ಗೆರೆ) ಏರುಪೇರಾಗಿದ್ದರೆ, ಬ್ರಿಡ್ಜನ್ನು (ಬಾಡಿಯ ಮೇಲೆ ತಂತಿ ಹಿಡಿಯುವ ಲೋಹದ ಭಾಗ) ತಪ್ಪು ಜಾಗದಲ್ಲಿ ಕೂರಿಸಿದ್ದರೆ, ಅದನ್ನು ಸರಿ ಮಾಡಿಸುವ ಖರ್ಚಿಗೆ ಇನ್ನೊಂದು ಬೇಸ್ ಬರುತ್ತದೆ. ನಮ್ಮ ಕರಾವಳಿಯಲ್ಲಿ ಇದರ ಜೊತೆಗೆ ಸಮುದ್ರದ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಂಗಳೂರಿನವರು ಹೇಳುವ ಸಲಹೆಯಲ್ಲಿ ಅದು ಇರುವುದಿಲ್ಲ.

ಮೊದಲು ನೆಕ್

ನಾಲ್ಕು ತಂತಿಯ ಬೇಸ್ ಶ್ರುತಿಯಲ್ಲಿರುವಾಗ ನೆಕ್ ಮೇಲೆ ಸುಮಾರು 75ರಿಂದ 80 ಕೆಜಿ ಎಳೆತ ಇರುತ್ತದೆ. ಒಬ್ಬ ದೊಡ್ಡ ಮನುಷ್ಯ ಹಗಲು ರಾತ್ರಿ ಅದಕ್ಕೆ ಜೋತುಬಿದ್ದ ಹಾಗೆ. ಅದನ್ನು ತಡೆಯಲು ನೆಕ್ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ಅಂಗಡಿಯಲ್ಲಿ ಎಡಗೈಯಿಂದ ಎಲ್ಲಕ್ಕಿಂತ ದಪ್ಪದ ಇ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲಿ ಒತ್ತಿ, ಬಲಗೈಯಿಂದ ನೆಕ್ ಬಾಡಿಯನ್ನು ಸೇರುವಲ್ಲಿ ಒತ್ತಿ, 7 ಅಥವಾ 8ನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಎಷ್ಟು ಸಂದು ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಇದ್ದರೆ ಒಳ್ಳೆಯದು. ಜಾಸ್ತಿ ಇದ್ದರೆ ಕೂಡಲೇ ಬೇಡ ಅನ್ನಬೇಡಿ. ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿ ತೋರಿಸಿ ಎಂದು ಅಂಗಡಿಯವರನ್ನೇ ಕೇಳಿ. ತಿರುಗಿಸಿದಾಗ ಸಂದು ಕಡಿಮೆಯಾದರೆ ರಾಡ್ ಕೆಲಸ ಮಾಡುತ್ತಿದೆ ಅಂತ ಅರ್ಥ. ರಾಡಿನ ನಟ್ಟು ತಿರುಗುವುದೇ ಇಲ್ಲ, ಅಥವಾ ತಿರುಗಿದರೂ ಏನೂ ಆಗುವುದಿಲ್ಲ ಅಂದರೆ ಆ ಬೇಸ್ ಬೇಡ. ಬೆಲೆ ಎಷ್ಟೇ ಇಳಿಸಿದರೂ ಬೇಡ.

ನಮ್ಮಲ್ಲಿ ಇದು ಇನ್ನೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಂಗಳೂರಿನಲ್ಲಿ ಗೋಡೆಯೇ ಬೆವರುತ್ತದೆ, ಡಿಸೆಂಬರ್ ಜನವರಿಯಲ್ಲಿ ಗಾಳಿ ಒಣಗುತ್ತದೆ, ಮರ ಎರಡು ಸಲವೂ ಬದಲಾಗುತ್ತದೆ, ನೆಕ್‌ನ ಬಾಗು ಅದರ ಜೊತೆಗೇ ಬದಲಾಗುತ್ತದೆ. ನಾನು ವರ್ಷಕ್ಕೆ ಎರಡು ಸಲ ಟ್ರಸ್ ರಾಡ್ ಮುಟ್ಟುತ್ತೇನೆ. ರಾಡ್ ಸರಿ ಇಲ್ಲದ ಬೇಸ್ ಇಟ್ಟುಕೊಂಡು ಇಲ್ಲಿ ಬದುಕುವುದು ಕಷ್ಟ.

ಆಮೇಲೆ ನೆಕ್ ಅಂಚಿನಲ್ಲಿ ಅಂಗೈ ಇಟ್ಟು ಮೇಲಿಂದ ಕೆಳಗೆ ಜಾರಿಸಿ. ಫ್ರೆಟ್ ತುದಿ ಚುಚ್ಚುತ್ತದೆಯೇ? ಸ್ವಲ್ಪ ಚುಚ್ಚಿದರೆ ಅರದಿಂದ ಉಜ್ಜಿ ಸರಿ ಮಾಡಬಹುದು. ಒಂದೊಂದೇ ಫ್ರೆಟ್ ಒತ್ತಿ ನಾಲ್ಕೂ ತಂತಿಯನ್ನು ನುಡಿಸಿ, ಅವಸರ ಮಾಡಬೇಡಿ, ಅಂಗಡಿಯವರು ಗಡಿಯಾರ ನೋಡಿದರೂ ಪರವಾಗಿಲ್ಲ. ಒಂದು ಕಡೆ ಮಾತ್ರ ಝರ್ ಎಂದರೆ ಆ ಜಾಗದ ಫ್ರೆಟ್ ಎದ್ದಿದೆ. ಎಲ್ಲ ಕಡೆಯೂ ಝರ್ ಎಂದರೆ ಅದು ಬರೀ ಸೆಟಪ್ (ತಂತಿಯ ಎತ್ತರ, ನೆಕ್‌ನ ಬಾಗು ಹೊಂದಿಸುವುದು) ದೋಷ ಇರಬಹುದು. ಎಲ್ಲಕ್ಕಿಂತ ತೆಳ್ಳಗಿನ ಜಿ ತಂತಿಯಲ್ಲಿ 5ರಿಂದ 7ನೇ ಫ್ರೆಟ್ ಆಸುಪಾಸಿನಲ್ಲಿ ಒಂದು ಸ್ವರ ಬೇಗ ಸತ್ತುಹೋಗುವುದು ದುಬಾರಿ ಬೇಸ್‌ಗಳಲ್ಲೂ ಉಂಟು, ಅದಕ್ಕೆ ಹೆದರಬೇಡಿ.

ಒಂದು ಅಳತೆ ಟೇಪ್ ಜೊತೆಗಿರಲಿ. ಸಾಮಾನ್ಯ ಬೇಸ್‌ನ ಸ್ಕೇಲ್, ಅಂದರೆ ನಟ್‌ನಿಂದ ಬ್ರಿಡ್ಜ್ ತನಕದ ತಂತಿಯ ಉದ್ದ, 34 ಇಂಚು. ನಟ್‌ನಿಂದ 12ನೇ ಫ್ರೆಟ್‌ಗೆ ಸರಿಯಾಗಿ 17 ಇಂಚು ಇರಬೇಕು, ಅಲ್ಲಿಂದ ಜಿ ತಂತಿಯ ಸ್ಯಾಡಲ್‌ಗೆ (ಬ್ರಿಡ್ಜ್ ಮೇಲೆ ಆ ತಂತಿ ಕೂರುವ ತುಂಡು) 17ಕ್ಕಿಂತ ಒಂದು ಕೂದಲು ಜಾಸ್ತಿ, ಇ ತಂತಿಗೆ ಇನ್ನೂ ಸ್ವಲ್ಪ ಜಾಸ್ತಿ. ಇ ತಂತಿಯ ಸ್ಯಾಡಲ್ ಆಗಲೇ ಹಿಂದಿನ ಗೋಡೆಗೆ ತಾಗಿ ನಿಂತಿದ್ದು, 12ನೇ ಫ್ರೆಟ್‌ನ ಸ್ವರ ಆಗಲೂ ಏರಿಯೇ ಕೇಳುತ್ತಿದ್ದರೆ, ಬ್ರಿಡ್ಜ್ ಕೂರಿಸಿದ್ದೇ ತಪ್ಪು. ಅದನ್ನು ಬಿಟ್ಟು ಬನ್ನಿ.

ಫ್ರೆಟ್‌ಬೋರ್ಡ್ ಮರದ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಜಾಸ್ತಿ. ರೋಸ್‌ವುಡ್ ಇಲ್ಲ, ಲಾರೆಲ್ ಅಂತೆ, ಅಗ್ಗದ ಮರವಂತೆ ಎಂದು ಬೇಜಾರು ಮಾಡಿಕೊಳ್ಳುತ್ತಾರೆ. ಇಂಡಿಯನ್ ಲಾರೆಲ್ ಅಂದರೆ ನಮ್ಮ ಕರಿಮತ್ತಿ. ಘಟ್ಟದ ಕಡೆ ಮನೆಗಳಿಗೆ ಹಾಕುತ್ತಿದ್ದ ಅದೇ ಮತ್ತಿ ಮರ. ಗಟ್ಟಿ ಮರ ಅದು. ಬೀಟೆಯಷ್ಟು (ಅದೇ ರೋಸ್‌ವುಡ್) ಕಪ್ಪಿರುವುದಿಲ್ಲ, ಅಷ್ಟೇ.

ಕೀ ಮತ್ತು ನಟ್

ನನ್ನ ಮೊದಲ ಬೇಸ್ ಹೊಳೆಯುವ ಕೆಂಪು ಬಣ್ಣದ್ದು, ಹೆಸರು ಬೇಡ. ಕುಲಶೇಖರದಲ್ಲಿ ಒಂದು ರೋಸಿನ (ನಮ್ಮ ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ) ಸಂಜೆ ನುಡಿಸುತ್ತಿದ್ದೆ. ಎರಡು ಹಾಡಿಗೊಮ್ಮೆ ಇ ತಂತಿ ಇಳಿಯುತ್ತಿತ್ತು. ಕೀಬೋರ್ಡಿನವರು ತಿರುಗಿ ನೋಡುತ್ತಿದ್ದರು. ವಧುವಿನ ತಲೆಗೆ ತೆಂಗಿನ ಹಾಲು ಹೊಯ್ಯುವ ಹೊತ್ತಿಗೆ, ಎಲ್ಲರೂ ಕೂಡಿ ಹಾಡುವಾಗ, ನನ್ನ ಸ್ವರ ಮಾತ್ರ ಕೆಳಗೆ. ಆ ನಾಚಿಕೆ ಇನ್ನೂ ನೆನಪಿದೆ. ಮನೆಗೆ ಬಂದು ಬಿಚ್ಚಿ ನೋಡಿದರೆ ಕೀಯ ಹಲ್ಲು ಸವೆದು ಹೋಗಿತ್ತು. ಬೇಸ್‌ಗೆ ಒಂದು ವರ್ಷವೂ ಆಗಿರಲಿಲ್ಲ.

ಹಾಗಾಗಿ ಕೀ ನೋಡುವುದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ಬೇಸ್ ಕೀಗಳಲ್ಲಿ ಸಾಮಾನ್ಯವಾಗಿ ಸುಮಾರು 20 ಸುತ್ತು ತಿರುಗಿಸಿದರೆ ತಂತಿ ಸುತ್ತಿದ ಕಂಬ ಒಂದು ಸುತ್ತು ತಿರುಗುತ್ತದೆ. ಮೊದಲು ಶ್ರುತಿ ಇಳಿಸಿ, ಆಮೇಲೆ ನಿಧಾನವಾಗಿ ಏರಿಸಿ. ಏರಿಸಲು ಶುರು ಮಾಡಿದ ಕೂಡಲೇ ಸ್ವರ ಬದಲಾಗಬೇಕು. ಕೀ ಅರ್ಧ ಸುತ್ತು ತಿರುಗಿದ ಮೇಲೆ ಸ್ವರ ಬದಲಾದರೆ ಹಲ್ಲುಗಳ ನಡುವೆ ಸಡಿಲ ಇದೆ. ತಂತಿ ಸುತ್ತಿದ ಕಂಬವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ, ಹೆಡ್‌ಸ್ಟಾಕ್ (ಕೀಗಳಿರುವ ತಲೆ) ಮೇಲಿನ ಬುಷ್ ಸಡಿಲ ಅಥವಾ ಕೀಯೇ ಕಳಪೆ. ಆಮೇಲೆ ಹತ್ತು ನಿಮಿಷ ಜೋರಾಗಿ ನುಡಿಸಿ ಮತ್ತೆ ಟ್ಯೂನರ್‌ನಲ್ಲಿ ನೋಡಿ. ಹೊಸ ತಂತಿ ಆಗಿದ್ದರೆ ಸ್ವಲ್ಪ ಇಳಿಯುವುದು ಸಹಜ, ಒಂದೇ ತಂತಿ ಮತ್ತೆ ಮತ್ತೆ ಇಳಿದರೆ ಸಹಜ ಅಲ್ಲ.

ಹಲ್ಲು ಹೊರಗೆ ಕಾಣುವ ಕೀ ಒಳ್ಳೆಯದೋ, ಮುಚ್ಚಿದ ಕೀ ಒಳ್ಳೆಯದೋ? ನನಗೆ ಇಲ್ಲಿನ ಹವೆಗೆ ಮುಚ್ಚಿದ್ದು ಇಷ್ಟ, ಒಳಗಿನ ಗ್ರೀಸ್ ಉಳಿಯುತ್ತದೆ. ಆದರೆ ಒಳ್ಳೆಯ ತೆರೆದ ಕೀ, ಕಳಪೆ ಮುಚ್ಚಿದ ಕೀಗಿಂತ ಎಷ್ಟೋ ವಾಸಿ, ಹಲ್ಲು ಹೊರಗೆ ಇರುವುದರಿಂದ ಒಂದು ಹನಿ ಎಣ್ಣೆ ಹಾಕಬಹುದು.

ಶ್ರುತಿ ಇಳಿದರೆ ಎಲ್ಲ ಸಲವೂ ಕೀಯದೇ ತಪ್ಪಲ್ಲ. ಕೀ ತಿರುಗಿಸುವಾಗ ತಂತಿ 'ಟಿಣ್' ಎಂದು ಹಾರಿ ಕೂತರೆ ನಟ್‌ನ ಕಚ್ಚಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತಿದೆ. ಪೆನ್ಸಿಲಿನ ಸೀಸವನ್ನು ಅಲ್ಲಿ ಉಜ್ಜಿ, ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ನಟ್ ಪ್ಲಾಸ್ಟಿಕ್ ಆಗಿದ್ದರೂ ಚಿಂತೆ ಇಲ್ಲ, ಅದು ಬದಲಾಯಿಸಬಹುದಾದ ಪಟ್ಟಿಯಲ್ಲಿ ಇದೆ.

ಬ್ರಿಡ್ಜ್, ಸ್ಕ್ರೂ, ತುಕ್ಕು

ನಮ್ಮೂರಿನ ಬೇಸ್‌ಗಳು ಹಾಳಾಗುವುದು ಇಲ್ಲಿಂದಲೇ. ಮಲ್ಪೆ, ಪಣಂಬೂರು, ಉಳ್ಳಾಲದಂತಹ ಸಮುದ್ರದ ಹತ್ತಿರದ ಮನೆಗಳಲ್ಲಿ ಗೇಟಿನ ಕೊಂಡಿಯೇ ಎರಡು ವರ್ಷಕ್ಕೆ ಪುಡಿಯಾಗುತ್ತದೆ, ಸ್ಯಾಡಲಿನ ಸಣ್ಣ ಸ್ಕ್ರೂ ಎಷ್ಟು ದಿನ ತಡೆದೀತು? ಬೆವರು ಸೇರಿದರೆ ಇನ್ನೂ ಬೇಗ. ತಂತಿಯ ಎತ್ತರ ಸರಿ ಮಾಡುವ ಸಣ್ಣ ಸ್ಕ್ರೂಗಳು ತುಕ್ಕು ಹಿಡಿದು ಕೂತರೆ ಆಲನ್ ಕೀ ಹಾಕಿ ತಿರುಗಿಸುವಾಗ ಒಳಗಿನ ಆರು ಮೂಲೆ ಸವೆದು ಗುಂಡಗಾಗುತ್ತದೆ. ಅಲ್ಲಿಗೆ ಆ ಸ್ಯಾಡಲ್ ಕಥೆ ಮುಗಿಯಿತು. ಆಕ್ಷನ್ (ತಂತಿಯ ಎತ್ತರ) ಏರಿಸಲು ಆಗುವುದಿಲ್ಲ, ಇಳಿಸಲೂ ಆಗುವುದಿಲ್ಲ.

ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ, ಫ್ರಿಜ್ಜಿಗೆ ಅಂಟಿಸುವುದಾದರೂ ಸಾಕು. ಬ್ರಿಡ್ಜ್ ತಟ್ಟೆಗೆ ಹಿಡಿಯಿರಿ. ಅಂಟಿಕೊಂಡರೆ ಉಕ್ಕು, ಮೇಲಿನ ಲೇಪ ಹೋದ ದಿನ ತುಕ್ಕು ಶುರು. ಅಂಟದಿದ್ದರೆ ಹೆಚ್ಚಾಗಿ ಸತುವಿನ ಎರಕ ಅಥವಾ ಹಿತ್ತಾಳೆ. ಸತು ಕೆಂಪಾಗುವುದಿಲ್ಲ, ಬಿಳಿ ಪುಡಿ ಬರುತ್ತದೆ, ಅದರೊಳಗಿನ ಸ್ಕ್ರೂ ಕೂರುವ ಸುರುಳಿ ಗೆರೆ ಮೆತ್ತಗೆ, ಸ್ಕ್ರೂ ಬಿಗಿ ಮಾಡುವಾಗ ಕಿತ್ತುಬರುತ್ತದೆ. ಅಂದರೆ ಉಕ್ಕು ಕೆಟ್ಟದ್ದು, ಸತು ಒಳ್ಳೆಯದು ಅಂತ ಅಲ್ಲ. ಯಾವುದಕ್ಕೆ ಯಾವ ಜೋಪಾನ ಬೇಕು ಅಂತ ತಿಳಿಯಲು ಇದು. ಮಡಿಸಿದ ಉಕ್ಕಿನ ಸಾದಾ ಬ್ರಿಡ್ಜ್ 1951ರ ಫೆಂಡರ್ ಪ್ರಿಸಿಷನ್ ಬೇಸ್‌ನ ಕಾಲದಿಂದಲೂ ಇದೆ, ಅದರಲ್ಲೇ ಪ್ರಪಂಚದ ಅರ್ಧ ಬೇಸ್ ಲೈನ್‌ಗಳು ನುಡಿದಿವೆ. ದಪ್ಪ ಹಿತ್ತಾಳೆ ಬ್ರಿಡ್ಜ್ ಹಾಕಿದರೆ ಸ್ವರ ಜಾಸ್ತಿ ಹೊತ್ತು ನಿಲ್ಲುತ್ತದೆ ಎಂದು ಹೇಳಿ ಮಾರುತ್ತಾರೆ. ನಾನು ಹಾಕಿ ನೋಡಿದ್ದೇನೆ. ಡ್ರಮ್ಸ್, ಕೀಬೋರ್ಡ್ ಜೊತೆಗೆ ನುಡಿಸುವಾಗ ನನಗೆ ವ್ಯತ್ಯಾಸ ಕೇಳಲಿಲ್ಲ. ಆ ದುಡ್ಡಿಗೆ ಎರಡು ಸೆಟ್ ಒಳ್ಳೆ ತಂತಿ ತೆಗೆದುಕೊಳ್ಳಿ.

ಅಂಗಡಿಯಲ್ಲಿ ನೋಡಬೇಕಾದ್ದು ಇಷ್ಟು: ಪ್ರತಿ ಸ್ಯಾಡಲನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ, ಜಾರಬಾರದು. ಎತ್ತರದ ಸ್ಕ್ರೂ ಮೇಲಕ್ಕೂ ಕೆಳಕ್ಕೂ ತಿರುಗಬೇಕು, ಇನ್ನೂ ಜಾಗ ಉಳಿದಿರಬೇಕು. ಸ್ಯಾಡಲ್ ಪೂರ್ತಿ ತಳಕ್ಕೆ ಕೂತಿದ್ದರೂ ತಂತಿ ಎತ್ತರವೇ ಇದ್ದರೆ ನೆಕ್ ಕೋನ ತಪ್ಪಿದೆ. ಸರಿಯಾದ ಸೆಟಪ್‌ನಲ್ಲಿ 17ನೇ ಫ್ರೆಟ್ ಮೇಲೆ ಇ ತಂತಿ ಸುಮಾರು 2.4 ಮಿಲಿಮೀಟರ್, ಜಿ ತಂತಿ ಸುಮಾರು 2 ಮಿಲಿಮೀಟರ್ ಎತ್ತರ ಇರುತ್ತದೆ. ಕೊನೆಗೆ ಎದುರಿನಿಂದ ನೋಡಿ. ಇ ಮತ್ತು ಜಿ ತಂತಿಗಳು ನೆಕ್ ಅಂಚಿನಿಂದ ಒಂದೇ ದೂರದಲ್ಲಿ ಇರಬೇಕು. ಜಿ ತಂತಿ ಅಂಚಿಗೆ ಬಂದು ಬೀಳುವ ಹಾಗಿದ್ದರೆ, ಹಿಂದಿನ ನಾಲ್ಕು ಸ್ಕ್ರೂ ಸ್ವಲ್ಪ ಸಡಿಲ ಮಾಡಿ ನೆಕ್ ಸರಿಸಿ ಬಿಗಿ ಮಾಡಿದರೆ ಕೆಲವೊಮ್ಮೆ ಸರಿಯಾಗುತ್ತದೆ. ಅದನ್ನು ಅಂಗಡಿಯಲ್ಲೇ ಮಾಡಿಸಿ, ಮನೆಗೆ ತಂದ ಮೇಲೆ ಅಲ್ಲ.

ವಯರಿಂಗ್, ಪಿಕಪ್

ಇದನ್ನು ಬೇಗ ಮುಗಿಸುತ್ತೇನೆ, ಇಲ್ಲಿ ಎಲ್ಲವೂ ಬದಲಾಯಿಸುವಂಥದ್ದು. ನಾಬ್ ತಿರುಗಿಸುವಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೆಚ್ಚಾಗಿ ಹೋಗುತ್ತದೆ. ಜಾಕ್‌ನಲ್ಲಿ ಕೇಬಲ್ ಅಲ್ಲಾಡಿಸಿದಾಗ ಶಬ್ದ ಹೋಗಿ ಬಂದರೆ ಜಾಕ್ ಬದಲಾಯಿಸಿ, ಅದು ಬೇಸ್‌ನಲ್ಲಿ ಎಲ್ಲಕ್ಕಿಂತ ಅಗ್ಗದ ಭಾಗ. ತಂತಿ ಮುಟ್ಟಿದ ಕೂಡಲೇ ಗುಂಯ್ ಶಬ್ದ ಕಡಿಮೆಯಾದರೆ ಅರ್ತಿಂಗ್ ವಯರ್ ಬ್ರಿಡ್ಜಿಗೆ ಸೇರಿದೆ, ಒಳ್ಳೆಯದು. ಆದರೆ ಬೇಸ್ ಹಿಡಿದುಕೊಂಡು ಮೈಕ್ ಮುಟ್ಟಿದಾಗ ಜುಮ್ ಎಂದರೆ ನುಡಿಸುವುದು ನಿಲ್ಲಿಸಿ. ತಪ್ಪು ಹೆಚ್ಚಾಗಿ ಆ ಸಭಾಂಗಣದ ವಯರಿಂಗಿನಲ್ಲಿ ಅಥವಾ ಆಂಪ್‌ನ ಅರ್ತಿಂಗಿನಲ್ಲಿ ಇರುತ್ತದೆ, ಒದ್ದೆ ನೆಲದ ಶಾಮಿಯಾನದಲ್ಲಿ ಅದು ಜೀವಕ್ಕೇ ಅಪಾಯ.

ಪ್ಯಾಸಿವ್ ಅಥವಾ ಆಕ್ಟಿವ್? ಆಕ್ಟಿವ್ ಬೇಸ್‌ನ ಒಳಗೆ ಸ್ವರ ಏರಿಸಿಳಿಸುವ ಸರ್ಕ್ಯೂಟ್ ಇರುತ್ತದೆ, ಪ್ಯಾಸಿವ್‌ನಲ್ಲಿ ಇರುವುದಿಲ್ಲ, ಅದಕ್ಕೆ 9 ವೋಲ್ಟ್ ಬ್ಯಾಟರಿ ಬೇಕು, ಕೇಬಲ್ ಚುಚ್ಚಿಟ್ಟರೆ ನುಡಿಸದಿದ್ದರೂ ಅದು ಇಳಿಯುತ್ತಲೇ ಇರುತ್ತದೆ. ಎಷ್ಟೋ ಬೇಸ್‌ಗಳಲ್ಲಿ ಬ್ಯಾಟರಿ ಸತ್ತರೆ ಶಬ್ದವೇ ಇಲ್ಲ. ಬ್ಯಾಟರಿ ಸೋರಿದರೆ ಅದರ ಕೊಂಡಿಯೂ ಹಸಿರಾಗುತ್ತದೆ. ಮೊದಲ ಬೇಸ್ ಪ್ಯಾಸಿವ್ ಇರಲಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಹಾಗಾದರೆ ಯಾವುದು?

12,000ಕ್ಕಿಂತ ಕೆಳಗೆ ಹೊಸ ಬೇಸ್ ಸಿಗುತ್ತದೆ. ಅದರಲ್ಲಿ ಒಂದು ಚೆನ್ನಾಗಿರುತ್ತದೆ, ಪಕ್ಕದ್ದು ಚೆನ್ನಾಗಿರುವುದಿಲ್ಲ, ಎರಡಕ್ಕೂ ಹೆಸರು ಒಂದೇ. ಅಂಥದ್ದನ್ನು ಆನ್‌ಲೈನ್‌ನಲ್ಲಿ ಕಣ್ಣು ಮುಚ್ಚಿ ತರಿಸಬೇಡಿ, ಕೈಯಲ್ಲಿ ಹಿಡಿದು ಮೇಲೆ ಹೇಳಿದ್ದೆಲ್ಲ ನೋಡಿಯೇ ತೆಗೆದುಕೊಳ್ಳಿ. ಹೊಸ ಕೀ, ಹೊಸ ತಂತಿ, ನಟ್, ಸೆಟಪ್ ಅಂತ ಸೇರಿಸಿದರೆ ಕೊನೆಗೆ 18,000 ದಾಟುತ್ತದೆ, ಆಗಲೂ ನೆಕ್ ಅದೇ ಹಳೆಯದು.

ಆ ಹುಡುಗನ ಹಾಗೆ 20,000ದ ಆಸುಪಾಸಿನಲ್ಲಿ ಇರುವವರಿಗೆ ನಾನು ಮೊದಲು ತೋರಿಸುವುದು ಯಮಹಾ ಟಿಆರ್‌ಬಿಎಕ್ಸ್ 174. 34 ಇಂಚು, 24 ಫ್ರೆಟ್, ಪ್ಯಾಸಿವ್, ಒಂದು ಪಿ (ಪ್ರಿಸಿಷನ್ ಬೇಸ್ ತರದ್ದು) ಮತ್ತು ಒಂದು ಜೆ (ಜಾಜ್ ಬೇಸ್ ತರದ್ದು) ಪಿಕಪ್. ಅದರಲ್ಲಿ ಬೆರಗಾಗುವಂಥದ್ದು ಏನೂ ಇಲ್ಲ, ಹತ್ತು ತೆಗೆದು ನೋಡಿದರೆ ಹತ್ತೂ ಒಂದೇ ತರ ಇರುತ್ತವೆ, ಕಡಿಮೆ ಬೆಲೆಯಲ್ಲಿ ನನಗೆ ಅದೇ ದೊಡ್ಡ ಗುಣ. ಐಬನೇಜ್‌ನ ಜಿಎಸ್‌ಆರ್ 200 ನೆಕ್ ತೆಳ್ಳಗೆ, ಬಾಡಿ ಹಗುರ, ಸಣ್ಣ ಕೈಯವರಿಗೆ ಹಿತ. ಅದರಲ್ಲಿ ಕೆಳಗಿನ ಸ್ವರದ ಗುಂಗು ಏರಿಸುವ ಒಂದು ಆಕ್ಟಿವ್ ನಾಬ್ ಉಂಟು, ಹಾಗಾಗಿ ಬ್ಯಾಟರಿ ನೆನಪಿಟ್ಟುಕೊಳ್ಳಬೇಕು. ಬಾಡಿ ಹಗುರ ಇರುವ ಯಾವ ಬೇಸನ್ನಾದರೂ ಬೆಲ್ಟ್ ಹಾಕಿ ಕೈ ಬಿಟ್ಟು ನೋಡಿ, ತಲೆ ಕೆಳಗೆ ವಾಲಿದರೆ ಒಂದು ಗಂಟೆಯ ಪೂಜೆಯಲ್ಲಿ ಎಡ ಭುಜ ನೋಯುತ್ತದೆ. ಕೋರ್ಟ್‌ನ ಆಕ್ಷನ್ ಪಿಜೆಯನ್ನು ಜನ ಯಾಕೋ ಕೇಳುವುದೇ ಇಲ್ಲ. ಬೇರೆ ದೊಡ್ಡ ಹೆಸರುಗಳಿಗೂ ಗಿಟಾರ್ ಮಾಡಿಕೊಟ್ಟ ಕೊರಿಯಾದ ಕಂಪನಿ ಅದು, ಸಿಕ್ಕಿದರೆ ಖಂಡಿತ ನುಡಿಸಿ ನೋಡಿ.

ಸ್ಕ್ವಯರ್ ಅಂದರೆ ಫೆಂಡರ್‌ನ ಕಡಿಮೆ ಬೆಲೆಯ ಹೆಸರು. ಸೋನಿಕ್ ಕೆಳಗಿನದ್ದು, ಅಫಿನಿಟಿ ಅದರ ಮೇಲಿನದ್ದು, ಕ್ಲಾಸಿಕ್ ವೈಬ್ ಇನ್ನೂ ಮೇಲೆ. ಸೋನಿಕ್ ಪ್ರಿಸಿಷನ್ ನುಡಿಸಲು ಸರಳ, ಪಿ ಪಿಕಪ್‌ನ ಸ್ವರ ಹಾಡಿನ ನಡುವೆ ಚೆನ್ನಾಗಿ ಕೂರುತ್ತದೆ, ಅದು ಎರಡು ತುಂಡಿನ ಪಿಕಪ್ ಆದ್ದರಿಂದ ಗುಂಯ್ ಶಬ್ದವೂ ಕಡಿಮೆ. ಆದರೆ ಕೀ ಮತ್ತು ಫ್ರೆಟ್ ತುದಿ ಒಂದೊಂದರಲ್ಲಿ ಒಂದೊಂದು ತರ ಇರುತ್ತದೆ, ಎರಡು ಮೂರು ತೆಗೆಸಿ ನೋಡಿ. ದುಡ್ಡು 30,000 ದಾಟಿಸಲು ಆಗುವುದಾದರೆ ಅಫಿನಿಟಿ ಜಾಜ್ ನೋಡಬಹುದು. ಜಾಜ್ ಬೇಸ್‌ನ ನೆಕ್ ನಟ್ ಹತ್ತಿರ ಸುಮಾರು 38 ಮಿಲಿಮೀಟರ್ ಅಗಲ, ಹಿಡಿಯಲು ಸಲೀಸು. ಎರಡು ವಾಲ್ಯೂಮ್ ನಾಬ್‌ನಲ್ಲಿ ಒಂದನ್ನು ಇಳಿಸಿದ ಕೂಡಲೇ ಗುಂಯ್ ಬರುವುದು ಅದರ ಸ್ವಭಾವ, ಕೆಟ್ಟುಹೋಗಿದೆ ಅಂತ ಅಂದುಕೊಳ್ಳಬೇಡಿ. ಮಕ್ಕಳಿಗಾದರೆ 30 ಇಂಚಿನ ಸೋನಿಕ್ ಬ್ರಾಂಕೋ ಉಂಟು. ಐದು ತಂತಿಯದ್ದು ಈ ಬೆಲೆಗೆ ಬೇಡ. ಕೆಳಗಿನ ಬಿ ತಂತಿ ಗಟ್ಟಿಯಾಗಿ ಕೇಳಬೇಕಾದರೆ ನೆಕ್ ಗಟ್ಟಿ ಇರಬೇಕು, ಅದಕ್ಕೆ ಇನ್ನೂ ದುಡ್ಡು ಬೇಕು.

ಸೆಕೆಂಡ್ ಹ್ಯಾಂಡ್ ಬಗ್ಗೆ ನನಗೆ ತುಂಬಾ ಒಳ್ಳೆಯ ಅಭಿಪ್ರಾಯ ಇದೆ. ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಹೊರಡುವ ವಿದ್ಯಾರ್ಥಿಗಳು ಗಿಟಾರ್, ಆಂಪ್ ಎಲ್ಲ ಮಾರಿ ಹೋಗುತ್ತಾರೆ, ಹೊಸದರ ಅರ್ಧ ಮುಕ್ಕಾಲು ಬೆಲೆಗೆ ಮೇಲಿನ ದರ್ಜೆಯ ಬೇಸ್ ಸಿಗುವುದು ಆಗಲೇ. ಆದರೆ ಇಲ್ಲಿ ನಾಲ್ಕು ಮಳೆಗಾಲ ಕಂಡ ಬೇಸ್ ಅದು. ನಿಮ್ಮದೇ ಆಲನ್ ಕೀ ಸೆಟ್ ತೆಗೆದುಕೊಂಡು ಹೋಗಿ, ಮಾರುವವರ ಒಪ್ಪಿಗೆ ಕೇಳಿ ಎಂಟೂ ಸ್ಯಾಡಲ್ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನೋಡಿ. ಒಂದೆರಡು ಕೂತುಹೋಗಿದ್ದರೆ ಹೊಸ ಬ್ರಿಡ್ಜಿನ ಬೆಲೆ ಕಳೆದು ಕೇಳಿ. ಟ್ರಸ್ ರಾಡಿನ ನಟ್ಟು ತುಕ್ಕು ಹಿಡಿದಿದ್ದರೆ ಎದ್ದು ಬನ್ನಿ.

ಹುಡುಗ ಕೊನೆಗೆ ಯಮಹಾವನ್ನೇ ತಂದ. ಒಂದು ಕೀ ಸ್ವಲ್ಪ ಬಿಗಿ ಇತ್ತು, ಉಳಿದದ್ದೆಲ್ಲ ಸರಿ ಇತ್ತು. ಅವನಿಗೆ ಹೊಲಿಗೆ ಮೆಷಿನ್ ಎಣ್ಣೆಯ ಸಣ್ಣ ಬಾಟಲಿ ಕೊಟ್ಟು ಕಳಿಸಿದೆ. ಮೇ ಕೊನೆಯಲ್ಲಿ ಹತ್ತಿ ಕಡ್ಡಿಯ ತುದಿಗೆ ಒಂದು ಹನಿ ತೆಗೆದುಕೊಂಡು ಪ್ರತಿ ಸ್ಯಾಡಲ್ ಸ್ಕ್ರೂಗೆ ಮುಟ್ಟಿಸಬೇಕು, ಮರಕ್ಕೆ ತಾಗಿಸಬಾರದು, ತೆಂಗಿನೆಣ್ಣೆ ಅಂತೂ ಬೇಡ, ಅದು ಧೂಳು ಹಿಡಿದು ಜಿಗುಟಾಗುತ್ತದೆ. ನುಡಿಸಿದ ಮೇಲೆ ತಂತಿಯನ್ನೂ ಬ್ರಿಡ್ಜನ್ನೂ ಒಣ ಬಟ್ಟೆಯಲ್ಲಿ ಒರೆಸಬೇಕು. ಚೀಲದೊಳಗೆ ಸಿಲಿಕಾ ಜೆಲ್ ಇಡಬೇಕು, ಮಳೆ ನೀರು ಇಳಿಯುವ ಗೋಡೆಗೆ ನೇತುಹಾಕಬಾರದು. ಸೆಪ್ಟೆಂಬರಿನ ಮೋಂತಿ ಹಬ್ಬದ ಸಮಯಕ್ಕೆ ಬೇಸ್ ತೆಗೆದುಕೊಂಡು ಬಾ, ನೆಕ್ ಎಷ್ಟು ಬಾಗಿದೆ ಅಂತ ಒಟ್ಟಿಗೆ ನೋಡುವ ಎಂದು ಹೇಳಿದ್ದೇನೆ.